ನಡೆದರಷ್ಟೇ ನುಡಿಯುವ ಬ್ಯಾಂಡು

ಸಂಗೀತದ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂಬುದು ಐವತ್ತಾರನೆಯ ವಯಸ್ಸಿನವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ಅದಕ್ಕೆ ಆಧಾರವೇನು ಎಂದು ಯಾರೂ ಕೇಳಿರಲಿಲ್ಲವಾದ್ದರಿಂದ ನಂಬಿಕೆ ಗಟ್ಟಿಯಾಗಿಯೇ ಉಳಿದಿತ್ತು.

ನಾನು ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಹೆಸರು ವಿರೂಪಾಕ್ಷ. ನಮ್ಮ ತಾತ, ಮುತ್ತಾತ ನಗರ್ತಪೇಟೆಯಲ್ಲಿ ಹಿತ್ತಾಳೆ ಪಾತ್ರೆ ಮಾರಿದವರು. ನಮ್ಮ ಮನೆತನದಲ್ಲಿ ಸಂಗೀತಕ್ಕೆ ಅತ್ಯಂತ ಹತ್ತಿರ ಬಂದ ಶಬ್ದವೆಂದರೆ ಅಟ್ಟದಿಂದ ಹಂಡೆ ಉರುಳುವುದು.

ಇಂಥವನಿಗೆ ಕಾಲೇಜಿನ ಬ್ಯಾಂಡಿನ ಉಸ್ತುವಾರಿ ಹೇಗೆ ಬಂತು? ನನ್ನ ಪ್ರಯೋಗಾಲಯ ಇರುವುದು ಬ್ಯಾಂಡಿನ ಕೋಣೆಯ ಪಕ್ಕದಲ್ಲೇ. ಆಚೀಚೆ ಪಾಠ ಮಾಡುವವರೆಲ್ಲ ಡ್ರಮ್ಮಿನ ಸದ್ದು ತಡೆಯಲಾರದೆ ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ನಾನೊಬ್ಬ ಕೊಡಲಿಲ್ಲ. ಕಾರಣ ಬಹಳ ಸರಳ. ನನಗೆ ಶೀತದ ಬಾಧೆ ಜಾಸ್ತಿ, ವರ್ಷದಲ್ಲಿ ಹತ್ತು ತಿಂಗಳು ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತೇನೆ. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಎದ್ದು ನಿಂತು, "ಈ ಕಾಲೇಜಿನಲ್ಲಿ ಕಲೆಗೆ ಬೆಲೆ ಕೊಡೋರು ವಿರೂಪಾಕ್ಷ ಅವರೊಬ್ಬರೇ!" ಎಂದು ಘೋಷಿಸಿ, ಬ್ಯಾಂಡಿನ ಉಸ್ತುವಾರಿಯನ್ನು ನನಗೇ ಒಪ್ಪಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕೆಂದು ಗೊತ್ತಾಗದೆ ನಾನೂ ತಟ್ಟಿದೆ. ಕಿವಿಯಲ್ಲಿ ಹತ್ತಿ ಇತ್ತಲ್ಲ!

ಬ್ಯಾಂಡ್ ಮಾಸ್ಟರ್ ರಾಜಪ್ಪ. ಪೂರ್ತಿ ಹೆಸರು ಸ್ಯಾಮುಯೆಲ್ ರಾಜಪ್ಪ. ಮೂವತ್ತು ವರ್ಷದಿಂದ ಆ ಬ್ಯಾಂಡನ್ನು ಕಟ್ಟಿ ಬೆಳೆಸಿದವರು. ನೆಟ್ಟಗೆ ಕೋಲಿನಂತೆ ನಿಲ್ಲುವ ಮನುಷ್ಯ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಫೆಬ್ರವರಿಯ ಒಂದು ಮಧ್ಯಾಹ್ನ ಅವರು ನನ್ನ ಪ್ರಯೋಗಾಲಯಕ್ಕೆ ಬಂದು ಸೂಕ್ಷ್ಮದರ್ಶಕದ ಪಕ್ಕ ನಿಂತರು.

"ಸರ್, ಏಪ್ರಿಲ್‌ಗೆ ನನ್ನ ರಿಟೈರ್‌ಮೆಂಟು. ಒಂದು ಆಸೆ ಇದೆ."

"ಹೇಳಿ ರಾಜಪ್ಪ."

"ನಮ್ಮಮ್ಮನಿಗೆ ಎಂಬತ್ತೆಂಟು. ಜೀವನವೆಲ್ಲ ಚರ್ಚಲ್ಲಿ ಹಾಡಿದೋರು. ಈಗ ಮೂರು ವರ್ಷದಿಂದ ಮನೆ ಬಿಟ್ಟು ಆಚೆ ಬರೋಕಾಗ್ತಿಲ್ಲ. ಅವರು ನನಗೆ ಚಿಕ್ಕಂದಿನಲ್ಲಿ ಕಲಿಸಿದ ಎಂಟು ಭಕ್ತಿಗೀತೆ ಇದಾವೆ. ಅದನ್ನ ನಮ್ಮ ಮಕ್ಕಳ ಕೈಲಿ ನುಡಿಸಿ ಒಂದು ಆಲ್ಬಂ ಮಾಡ್ಬೇಕು ಸರ್. ಈಸ್ಟರ್‌ಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರ ಚರ್ಚಲ್ಲಿ ಬಿಡುಗಡೆ ಮಾಡ್ತೀನಿ ಅಂತ ಫಾದರ್ ಒಪ್ಪಿದ್ದಾರೆ. ಮಕ್ಕಳು ಹಾಡು ಕಲ್ತಾಗಿದೆ. ರೆಕಾರ್ಡಿಂಗ್ ವ್ಯವಹಾರ ಮಾತ್ರ ನನಗೆ ತಿಳಿಯಲ್ಲ."

"ರೆಕಾರ್ಡಿಂಗಾ? ನನಗೆ ಬಿಡಿ!" ಎಂದೆ.

ಮನುಷ್ಯ ಹಾಳಾಗಲು ಎರಡು ಪದ ಸಾಕು ಎಂದು ಆಗ ನನಗೆ ತಿಳಿದಿರಲಿಲ್ಲ.

ಸಂಜೆ ಮನೆಗೆ ಬಂದು ನನ್ನ ಹೆಂಡತಿ ಗಿರಿಜೆಗೆ ಈ ಶುಭವಾರ್ತೆ ತಿಳಿಸಿದೆ. ಅವಳು ಅವರೆಕಾಳು ಹಿಸುಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ರೀ, ಮೊನ್ನೆ ಕಾಲಿಂಗ್ ಬೆಲ್ ಆದ್ರೆ ನೀವು ಹೋಗಿ ಗ್ಯಾಸ್ ಆಫ್ ಮಾಡಿದ್ರಿ."

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಏನಿಲ್ಲ. ಆ ರಾಜಪ್ಪನವರು ಒಳ್ಳೆಯವರು, ಅವರಿಗೆ ಯಾಕೆ ಹೀಗಾಗ್ಬೇಕು ಅಂತ ಯೋಚಿಸ್ತಿದ್ದೆ."

ಹೆಂಡತಿಯ ಸಂದೇಹಗಳಿಗೆ ಕಾರ್ಯದಿಂದಲೇ ಉತ್ತರ ಕೊಡಬೇಕೆಂಬುದು ನನ್ನ ಸಿದ್ಧಾಂತ. ಎರಡೇ ದಿನದಲ್ಲಿ ಸ್ಟುಡಿಯೋ ಹುಡುಕಿದೆ. ಕಾಲೇಜಿನಿಂದ ನಾಲ್ಕು ರಸ್ತೆ ಆಚೆ, ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿ. ಅದರ ಮಾಲೀಕ ಸತ್ಯಣ್ಣ. ದೇವರ ನಾಮದಿಂದ ಹಿಡಿದು ತರಕಾರಿ ಗಾಡಿಯ "ಟೊಮ್ಯಾಟೊ, ಈರುಳ್ಳಿ" ಕೂಗಿನವರೆಗೆ ಎಲ್ಲವನ್ನೂ ರೆಕಾರ್ಡ್ ಮಾಡಿ ಕೊಟ್ಟ ಅನುಭವಸ್ಥ. ಫೋನಿನಲ್ಲೇ ಮಾತು ಮುಗಿಯಿತು.

"ಎಷ್ಟು ಜನ ಸಾರ್?"

"ಒಂದು ಬ್ಯಾಂಡು."

"ಬ್ಯಾಂಡ್‌ಗಾ? ಆರಾಮಾಗಿ ಹಿಡಿಸುತ್ತೆ, ಕರ್ಕೊಂಡ್ ಬನ್ನಿ ಸಾರ್!"

ಬ್ಯಾಂಡು ಎಂದರೆ ಗಿಟಾರ್ ಹಿಡಿದ, ಕೂದಲು ಬಿಟ್ಟ ನಾಲ್ಕು ಹುಡುಗರು ಎಂದು ಅವರು ತಿಳಿದರು. ಸ್ಟುಡಿಯೋ ಎಂದರೆ ಕಲ್ಯಾಣ ಮಂಟಪದಷ್ಟು ದೊಡ್ಡ ಜಾಗ ಎಂದು ನಾನು ತಿಳಿದೆ. ಇಬ್ಬರೂ ಪರಮ ಸಂತೋಷದಿಂದ ಫೋನಿಟ್ಟೆವು.

ಶನಿವಾರ ಬೆಳಿಗ್ಗೆ ನಾವು ಹೋದೆವು. ಇಪ್ಪತ್ತನಾಲ್ಕು ಹುಡುಗ ಹುಡುಗಿಯರು. ಬಿಳಿ ಸಮವಸ್ತ್ರ, ತಲೆಯ ಮೇಲೆ ಗರಿ ಸಿಕ್ಕಿಸಿದ ಕೆಂಪು ಟೋಪಿ, ಕಾಲಿಗೆ ಕಬ್ಬಿಣದ ಲಾಳ ಬಡಿದ ಬೂಟು. ಎಂಟು ಟ್ರಂಪೆಟ್, ಹತ್ತು ಸಣ್ಣ ಡ್ರಮ್, ಕೊಳಲು, ತಾಳ, ಮತ್ತು ಬ್ಯಾಂಡಿನ ನಾಯಕಿ ಕಾವ್ಯ ಹೊಟ್ಟೆಯ ಮೇಲೆ ಹೊತ್ತುಕೊಳ್ಳುವ, ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡ ಡ್ರಮ್ಮು. ಸತ್ಯಣ್ಣ ಬಾಗಿಲಲ್ಲಿ ನಿಂತು ಎಣಿಸಲು ಶುರು ಮಾಡಿದರು. ಹದಿನೈದಕ್ಕೆ ಬಂದಾಗ ಕುಳಿತುಬಿಟ್ಟರು.

"ಸಾರ್... ರಿಪಬ್ಲಿಕ್ ಡೇ ಮುಗೀತಲ್ಲ ಸಾರ್?"

ಆ ಕೋಣೆ ಒಬ್ಬ ಗಾಯಕ, ಒಂದು ಹಾರ್ಮೋನಿಯಂ ಮತ್ತು ಸ್ವಲ್ಪ ಗಾಳಿಗಾಗಿ ಕಟ್ಟಿದ್ದು. ಆದರೆ ನಾನು ಎದೆಗುಂದಲಿಲ್ಲ. ಟ್ರಂಪೆಟ್ಟಿನವರನ್ನು ಒಳಗೆ ತುಂಬಿದೆ. ಸಣ್ಣ ಡ್ರಮ್ಮಿನವರನ್ನು ಮೆಟ್ಟಿಲಿಗೊಬ್ಬರಂತೆ ನಿಲ್ಲಿಸಿದೆ. ತಾಳದ ಹುಡುಗಿ ಬಚ್ಚಲುಮನೆಯಲ್ಲಿ. ದೊಡ್ಡ ಡ್ರಮ್ಮು ಮೆಟ್ಟಿಲಲ್ಲಿ ಹತ್ತಲಿಲ್ಲವಾದ್ದರಿಂದ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ ಬಾಲ್ಕನಿಗೆ ಎಳೆದುಕೊಂಡೆವು. ಅದು ಕ್ಲಿನಿಕ್ಕಿನ ಕಿಟಕಿಯ ಮುಂದೆ ನಿಧಾನವಾಗಿ ಮೇಲೇರಿ ಹೋದದ್ದನ್ನು ಡಾಕ್ಟರು ನೋಡಿದರಂತೆ. ನೋಡಿಯೂ ಸುಮ್ಮನಿದ್ದರಂತೆ. ಅಷ್ಟು ಸಭ್ಯ ಮನುಷ್ಯ.

ರಾಜಪ್ಪ ಕೈ ಎತ್ತಿದರು. ಮೊದಲನೆಯದು ಒಳ್ಳೆಯ ಕುರುಬ ಕುರಿಮರಿಯನ್ನು ಎದೆಗವಚಿಕೊಂಡು ಬರುವ ಹಾಡು. ಕೈ ಇಳಿಯಿತು. ಅಬ್ಬಾ! ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲ ಬಸ್ಸುಗಳೂ ಒಟ್ಟಿಗೆ ಹಿಂದಕ್ಕೆ ಹೊರಟಂತಹ ಸದ್ದು. ಟ್ರಂಪೆಟ್ಟೊಂದು ಕಡೆ, ಡ್ರಮ್ಮೊಂದು ಕಡೆ. ಕುರಿಮರಿ ಎತ್ತ ಓಡಿತೋ ಆ ಕುರುಬನಿಗೇ ಗೊತ್ತು! ಮೂರು ಸಲ ಪ್ರಯತ್ನಿಸಿದೆವು. ಮೂರು ಸಲವೂ ಅದೇ.

ರಾಜಪ್ಪ ತಲೆ ತಗ್ಗಿಸಿ ನನ್ನ ಬಳಿ ಬಂದರು.

"ಸರ್, ಇದು ನನ್ನ ತಲೆಗೇ ಹೊಳೀಲಿಲ್ಲ. ಇವರು ಯಾವತ್ತೂ ನಿಂತು ನುಡಿಸಿಲ್ಲ. ಎಡಗಾಲು ಎತ್ತಿದ್ರೇ ಇವರಿಗೆ ತಾಳ ಸಿಗೋದು. ಮಾರ್ಚಿಂಗ್ ಬ್ಯಾಂಡ್ ಅಲ್ವಾ ಸರ್."

ನಾನು ವಿಜ್ಞಾನಿ. ಸಮಸ್ಯೆ ಕಂಡ ತಕ್ಷಣ ಪರಿಹಾರ ಹೊಳೆಯಿತು.

"ಅಷ್ಟೇ ತಾನೇ? ನಿಂತ ಜಾಗದಲ್ಲೇ ಹೆಜ್ಜೆ ಹಾಕಲಿ! ಎನ್‌ಸಿಸಿಯಲ್ಲಿ ಕದಂ ತಾಲ್ ಅಂತಾರಲ್ಲ, ಹಾಗೆ!"

"ಮಹಡಿ ಮೇಲಾ ಸರ್?" ಎಂದಳು ಕಾವ್ಯ ಬಾಲ್ಕನಿಯಿಂದ.

"ಕಟ್ಟಡ ಗಟ್ಟಿಯಾಗಿದೆ!" ಎಂದೆ. ಕಟ್ಟಡಶಾಸ್ತ್ರದಲ್ಲೂ ನಾನು ಯಾರಿಗೂ ಕಡಿಮೆಯಿರಲಿಲ್ಲ.

ಇಪ್ಪತ್ತನಾಲ್ಕು ಎಡಗಾಲುಗಳು ಒಟ್ಟಿಗೆ ಎದ್ದವು, ಒಟ್ಟಿಗೆ ಬಿದ್ದವು. ಏನು ಹೇಳಲಿ! ಹಾಡು ಹೂವಿನಂತೆ ಅರಳಿತು. ಟ್ರಂಪೆಟ್ ಅತ್ತಿತ್ತ ಹೊರಳಲಿಲ್ಲ, ಡ್ರಮ್ಮು ಹೆಜ್ಜೆ ತಪ್ಪಲಿಲ್ಲ. ಕುರುಬ ಸ್ವಲ್ಪ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ತರಹ ನಡೆದುಬಂದ ಎಂಬುದು ಬಿಟ್ಟರೆ ಎಲ್ಲವೂ ಸುಂದರ. ಸತ್ಯಣ್ಣ ಹೆಬ್ಬೆಟ್ಟು ಎತ್ತಿ ತೋರಿಸಿದರು. ರಾಜಪ್ಪನವರ ಕಣ್ಣು ಒದ್ದೆಯಾಗಿತ್ತು.

ಎರಡನೆಯ ಚರಣದ ಮಧ್ಯೆ ಬಾಗಿಲು ತೆರೆಯಿತು. ಮೂಗಿನಿಂದ ಬೂಟಿನವರೆಗೆ ಸುಣ್ಣ ಮೆತ್ತಿಕೊಂಡ ಡಾಕ್ಟರು ನಿಂತಿದ್ದರು, ಕೈಯಲ್ಲಿ ಇಕ್ಕಳ. ಅವರ ಹಿಂದೆ, ಕೊರಳಿಗೆ ಕ್ಲಿನಿಕ್ಕಿನ ಬಟ್ಟೆ ಕಟ್ಟಿಕೊಂಡು, ಬಾಯಿ ಅಗಲವಾಗಿ ತೆರೆದುಕೊಂಡಿದ್ದ ದಪ್ಪನೆಯ ಹೆಂಗಸು.

"ಇವರ ಹಲ್ಲಿಗೆ ಸಿಮೆಂಟ್ ತುಂಬ್ತಾ ಇದ್ದೆ," ಎಂದರು ಡಾಕ್ಟರು ಬಹಳ ಮೆಲ್ಲಗೆ. "ಅರ್ಧ ನಾನು ತುಂಬಿದೆ. ಇನ್ನರ್ಧ ನಮ್ಮ ಸೀಲಿಂಗ್ ತುಂಬ್ತು."

"ಆಂ! ಆಂ ಆಂ!" ಎಂದರು ಆ ಹೆಂಗಸು. ಏನು ಹೇಳಿದರೋ ತಿಳಿಯಲಿಲ್ಲ. ಆದರೆ ಅದು ಸಂಗೀತದ ವಿಮರ್ಶೆಯಾಗಿರಲಿಲ್ಲ.

ಹತ್ತು ನಿಮಿಷದಲ್ಲಿ ನಾವೆಲ್ಲ ಬೀದಿಯಲ್ಲಿದ್ದೆವು. ಡ್ರಮ್ಮು ಮಾತ್ರ ಹಗ್ಗದಲ್ಲಿ ನಿಧಾನವಾಗಿ ಇಳಿದು ಬಂತು.

ಆ ರಾತ್ರಿಯ ಊಟದಲ್ಲಿ ಗಿರಿಜೆ ನಗು ತಡೆಯಲು ಮಜ್ಜಿಗೆ ಲೋಟವನ್ನು ಮೂರು ಸಲ ಬಾಯಿಗಿಟ್ಟಳು.

"ನಡೆದ್ರೆ ತಾನೇ ಚೆನ್ನಾಗಿ ನುಡಿಸ್ತಾರೆ? ಕಾಲೇಜು ಗ್ರೌಂಡಲ್ಲಿ ನಡೆಸಿ ರೆಕಾರ್ಡ್ ಮಾಡಿ, ಮುಗೀತು," ಎಂದಳು.

ಅದು ಸರಿಯಾದ ಮಾತು. ಆದ್ದರಿಂದಲೇ ನನಗೆ ಹಿಡಿಸಲಿಲ್ಲ. ಅದಲ್ಲದೆ ಗ್ರೌಂಡಿನಲ್ಲಿ ಭಾನುವಾರ ಹನ್ನೊಂದು ತಂಡಗಳು ಒಟ್ಟಿಗೆ ಕ್ರಿಕೆಟ್ ಆಡುತ್ತವೆ. ನನ್ನ ಯೋಜನೆ ಇದಕ್ಕಿಂತ ಭವ್ಯವಾಗಿತ್ತು. ಭಾನುವಾರ ಬೆಳಿಗ್ಗೆ ಆರೂವರೆಗೆ ಚಾಮರಾಜಪೇಟೆಯ ರಸ್ತೆಗಳು ಖಾಲಿ. ಮುಂದೆ ಒಂದು ಲಗೇಜ್ ಆಟೋ, ಅದರಲ್ಲಿ ಸತ್ಯಣ್ಣ ಮತ್ತು ಅವರ ರೆಕಾರ್ಡಿಂಗ್ ಯಂತ್ರ. ಹಿಂದೆ ಬ್ಯಾಂಡು. ನಡುವೆ ಉದ್ದನೆಯ ಬಿದಿರು ಕೋಲಿನ ತುದಿಗೆ ಮೈಕು ಕಟ್ಟಿಕೊಂಡು, ಅದನ್ನು ಬ್ಯಾಂಡಿನ ನೆತ್ತಿಯ ಮೇಲೆ ಹಿಡಿದು, ಹಿಂದುಹಿಂದಕ್ಕೆ ನಡೆಯುವ ಮಹಾಪುರುಷ ನಾನು!

"ಹಿಂದಕ್ಕಾ?" ಎಂದಳು ಗಿರಿಜೆ. "ನೀವು ಮುಂದಕ್ಕೆ ನಡೆಯೋವಾಗಲೇ ಕಂಬ ಗುದ್ದುತ್ತೀರಲ್ರೀ!"

ಆದರೂ ಭಾನುವಾರ ಬೆಳಿಗ್ಗೆ ಅವಳೇ ರೇಷ್ಮೆ ಜುಬ್ಬಾ ಇಸ್ತ್ರಿ ಮಾಡಿಕೊಟ್ಟಳು. "ದೇವರ ಹಾಡಿನ ಕೆಲಸ, ನೀಟಾಗಿ ಹೋಗಿ."

ಆರೂವರೆಗೆ ಸರಿಯಾಗಿ ಮೆರವಣಿಗೆ ಹೊರಟಿತು. ನಾನು ಕೋಲೆತ್ತಿದೆ. ರಾಜಪ್ಪ ಸೀಟಿ ಊದಿದರು. ಕಾವ್ಯಳ ಡ್ರಮ್ಮು ಗುಡುಗಿತು. ಮೊದಲ ರಸ್ತೆ ದಾಟುವಷ್ಟರಲ್ಲಿ ಕುರುಬನ ಹಾಡು ಮುಗಿದು ಎರಡನೆಯದಕ್ಕೆ ಬಂದಿದ್ದೆವು. ಎಲ್ಲವೂ ಎಷ್ಟು ಸುಸೂತ್ರವಾಗಿತ್ತೆಂದರೆ, ಮುಂದಿನ ವರ್ಷ ಇನ್ನೊಂದು ಆಲ್ಬಂ ಮಾಡಬಹುದೆಂದು ಮನಸ್ಸಿನಲ್ಲೇ ಯೋಚಿಸುತ್ತಿದ್ದೆ.

ನಾನು ಮರೆತ ಒಂದು ಸಣ್ಣ ಸಂಗತಿಯೆಂದರೆ, ಬೆಂಗಳೂರಿನಲ್ಲಿ ಬ್ಯಾಂಡು ಬಾರಿಸಿದರೆ ಖಾಲಿ ರಸ್ತೆ ಖಾಲಿಯಾಗಿ ಉಳಿಯುವುದಿಲ್ಲ.

ಮೊದಲು ವಾಕಿಂಗಿನ ಮುದುಕರು ಸೇರಿಕೊಂಡರು. "ಯಾವ ಪಕ್ಷ ಸಾರ್?" ಎಂದು ಒಬ್ಬರು ನನ್ನ ಪಕ್ಕದಲ್ಲೇ ನಡೆಯುತ್ತ ಕೇಳಿದರು. ನಾನು ತುಟಿಯ ಮೇಲೆ ಬೆರಳಿಡುವಂತಿರಲಿಲ್ಲ, ಎರಡೂ ಕೈಯಲ್ಲಿ ಕೋಲಿತ್ತು. ತಲೆಯಲ್ಲಾಡಿಸಿದೆ. "ಓಹೋ, ಪಕ್ಷೇತರ!" ಎಂದು ಅವರು ಹಿಂದಿನವರಿಗೆ ಹೇಳಿದರು. ಒಂದು ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದ ಅಜ್ಜಿ, ಉತ್ಸವಮೂರ್ತಿ ಬಂತೆಂದು ಓಡಿಹೋಗಿ ಆರತಿ ತಟ್ಟೆ ತಂದರು. ಮೂರ್ತಿ ಎಲ್ಲೂ ಕಾಣದಿದ್ದಾಗ ಲಗೇಜ್ ಆಟೋದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಸತ್ಯಣ್ಣನಿಗೇ ಬೆಳಗಿದರು.

ಮುಂದಿನ ಸರ್ಕಲ್ಲಿನಲ್ಲಿ ಟ್ರಾಫಿಕ್ ಕಾನ್‌ಸ್ಟೇಬಲ್ ಒಬ್ಬರಿದ್ದರು. ತಡೆದು ಪರ್ಮಿಶನ್ ಕೇಳುತ್ತಾರೆಂದು ಹೆದರಿ ನಾನು ಬಿದಿರು ಕೋಲಿನ ಹಿಂದೆ ಅಡಗಲು ನೋಡಿದೆ. ನಮ್ಮ ಬ್ಯಾಂಡು ಆಗ ನುಡಿಸುತ್ತಿದ್ದುದು ಶಿಲುಬೆಯ ಮುಂದೆ ಕಣ್ಣೀರಿಡುವ ತಾಯಿಯ ಹಾಡು. ಆದರೆ ನಮ್ಮವರು ಏನೇ ನುಡಿಸಿದರೂ ಅದು ಪರೇಡಾಗಿ ಹೊರಬರುತ್ತದೆ. ಕಾನ್‌ಸ್ಟೇಬಲ್ ಅದನ್ನು ಕೇಳಿದವರೇ ಅಟೆನ್‌ಶನ್ನಿನಲ್ಲಿ ನಿಂತು ಸೆಲ್ಯೂಟ್ ಹೊಡೆದರು! ನಾವು ಪೂರ್ತಿ ದಾಟುವವರೆಗೂ ಕೈ ಇಳಿಸಲಿಲ್ಲ. ನಾಲ್ಕೂ ಕಡೆ ಬಸ್ಸು, ಆಟೋ, ಹಾಲಿನ ವ್ಯಾನು ನಿಂತು ಹಾರ್ನ್ ಮಾಡಿದವು. ಸತ್ಯಣ್ಣನ ಆ ಬೀದಿಯ ರೆಕಾರ್ಡಿಂಗಿನಲ್ಲಿ ಕಣ್ಣೀರಿಡುವ ತಾಯಿಯ ಮೂರನೆಯ ಚರಣದ ತುಂಬ ಆ ಹಾರ್ನುಗಳೇ.

ಅಲ್ಲಿಂದ ವಿಶ್ವೇಶ್ವರಪುರದ ಕಡೆ ತಿರುಗಿದೆವು. ಅಲ್ಲೇ ಎಲ್ಲ ಕೆಟ್ಟಿದ್ದು.

ರಸ್ತೆಯಲ್ಲಿ ಮುಚ್ಚಳವಿಲ್ಲದ ಒಂದು ಮೋರಿ ಇತ್ತು. ನಾನು ಹಿಂದುಹಿಂದಕ್ಕೆ ಅದರ ಕಡೆಗೇ ಹೋಗುತ್ತಿದ್ದೆ.

"ಸರ್! ರೈಟಿಗೆ! ರೈಟಿಗೆ ಬನ್ನಿ!" ಎಂದು ಕಾವ್ಯ ಕೂಗಿದಳು.

ಅವಳು ನನಗೆ ಎದುರಾಗಿ ನಡೆಯುತ್ತಿದ್ದಳು. ಅವಳು ಹೇಳಿದ್ದು ಅವಳ ಬಲ. ನಾನು ತಿರುಗಿದ್ದು ನನ್ನ ಬಲ. ಮೋರಿ ಹೇಗೋ ತಪ್ಪಿತು. ಆದರೆ ನನ್ನ ಬಲಕ್ಕೆ ಇದ್ದದ್ದು ಒಂದು ಕಲ್ಯಾಣ ಮಂಟಪದ ಗೇಟು! ಮುಂದಿರುವವನನ್ನು ಹಿಂಬಾಲಿಸಬೇಕೆಂದು ರಾಜಪ್ಪ ಮಕ್ಕಳಿಗೆ ಮೂವತ್ತು ವರ್ಷ ಕಲಿಸಿದ್ದರು. ಇಡೀ ಬ್ಯಾಂಡು ನನ್ನ ಹಿಂದೆ ತಿರುಗಿತು. ಲಗೇಜ್ ಆಟೋ ಮಾತ್ರ ನೇರವಾಗಿ ಹೋಯಿತು. ಮೈಕಿನ ವೈರು ಬಿಗಿದು ಫಟ್ ಎಂದು ಕಿತ್ತು ಬಂತು.

ಗೇಟಿನ ಬಳಿ ಹೂವಿನಿಂದ ಸಿಂಗರಿಸಿದ ಕಾರು ನಿಂತಿತ್ತು. ಒಳಗೆ ಬೆವರುತ್ತಿದ್ದ ಗಂಡು. ಅವರು ಹೇಳಿಟ್ಟಿದ್ದ ಬ್ಯಾಂಡ್‌ಸೆಟ್ ಬಂದಿರಲಿಲ್ಲ. ಬ್ಯಾಂಡಿಲ್ಲದೆ ನಮ್ಮ ಹುಡುಗ ಕಾರಿಂದ ಇಳಿಯುವುದಿಲ್ಲ ಎಂದು ಗಂಡಿನ ಕಡೆಯವರು, ಮುಹೂರ್ತ ಮೀರುತ್ತದೆ ಎಂದು ಹೆಣ್ಣಿನ ಕಡೆಯವರು ಕೂಗಾಡುತ್ತಿದ್ದರು. ಹೆಣ್ಣಿನ ತಂದೆ, ದಪ್ಪ ಮೀಸೆಯ ಗೌಡರು, ನಮ್ಮನ್ನು ಕಂಡವರೇ ಎರಡೂ ಕೈ ಎತ್ತಿದರು.

"ಬಂದ್ರಾ? ಈಗ ಬರ್ತೀರಾ? ಬಾರ್ಸಿ ಬಾರ್ಸಿ, ನಿಲ್ಲಿಸ್ಬೇಡಿ!"

"ಅಲ್ಲ ಸ್ವಾಮಿ, ನಾವು..." ಎಂದೆ.

ಮುಂದಿನದನ್ನು ಡ್ರಮ್ಮು ನುಂಗಿತು. ರೇಷ್ಮೆ ಜುಬ್ಬಾ ತೊಟ್ಟು ಬ್ಯಾಂಡಿನ ಮುಂದೆ ಬಂದ ನಾನು ಗಂಡಿನ ಕಡೆಯ ಹಿರಿಯನೆಂದು ಅವರು ನಿರ್ಧರಿಸಿಬಿಟ್ಟಿದ್ದರು. "ಏಯ್, ಬೀಗರಿಗೆ ಹಾರ ಹಾಕ್ರೋ!" ಎಂದರು. ಯಾರೋ ಕೊರಳಿಗೆ ಮಲ್ಲಿಗೆ ಗುಲಾಬಿಯ ಹಾರ ಹಾಕಿದರು. ಇನ್ಯಾರೋ ತಲೆಗೆ ಜರಿ ಪೇಟ ತೊಡಿಸಿದರು. ತಡೆಯೋಣವೆಂದರೆ ಎರಡೂ ಕೈಯಲ್ಲಿ ಆ ದರಿದ್ರ ಕೋಲು! ಒಬ್ಬಾಕೆ ನನ್ನ ಪಾದಕ್ಕೆ ನೀರು ಬೇರೆ ಹಾಕಿದರು.

ಗಂಡು ಕಾರಿನಿಂದ ಇಳಿದ. ನಮ್ಮ ಬ್ಯಾಂಡು ಆಗ ನಾಲ್ಕನೆಯ ಹಾಡಿನಲ್ಲಿತ್ತು. ಕಳೆದುಹೋದ ಮಗ ಪಶ್ಚಾತ್ತಾಪದಿಂದ ತಂದೆಯ ಮನೆಗೆ ಮರಳುವ ಹಾಡು. ಅದಕ್ಕೆ ಹೆಜ್ಜೆ ಹಾಕುತ್ತ ಅವನು ಮಂಟಪ ಹೊಕ್ಕ. ಮನೆಗೆ ಮರಳುವವನಿಗೂ ಅವನಿಗೂ ಮುಖಭಾವದಲ್ಲಿ ವ್ಯತ್ಯಾಸವಿರಲಿಲ್ಲ.

ಹಿಂದಿನ ಸಾಲಿನಲ್ಲಿದ್ದ ರಾಜಪ್ಪ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೌಡರು ಅವರ ಬೆನ್ನು ತಟ್ಟಿದರು.

"ಮಾಸ್ಟ್ರೇ, ಸಕತ್ತಾಗಿದೆ ಟ್ಯೂನು! ಯಾವುದ್ರಿಂದ ತಗೊಂಡ್ರಿ?"

"ಬೈಬಲ್," ಎಂದರು ರಾಜಪ್ಪ ಗಂಭೀರವಾಗಿ.

"ಬೈಬಲ್ಲಾ? ಇನ್ನೂ ರಿಲೀಸ್ ಆಗಿಲ್ವಲ್ಲಾ? ಹೀರೋ ಯಾರು?"

ರಾಜಪ್ಪ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೆಂಪು ಕೋಟಿನ ನಿಜವಾದ ಬ್ಯಾಂಡ್‌ಸೆಟ್ಟಿನವರು ಟೆಂಪೋದಿಂದ ಧುಮುಕಿದರು. "ಯಾರ್ರೀ ನೀವು? ಇದು ನಮ್ಮ ಮದುವೆ!" ಎಂದು ಅವರ ಯಜಮಾನ ನನ್ನ ಮುಖಕ್ಕೆ ಬಂದ. ಸತ್ಯ ಹೊರಬಿತ್ತು. ಹೊಡೆತವೇ ಬೀಳುತ್ತದೆಂದು ನಾನು ಪೇಟವನ್ನು ಕೆಳಕ್ಕೆ ಎಳೆದುಕೊಂಡೆ. ಆದರೆ ಗೌಡರು ದೊಡ್ಡ ಮನುಷ್ಯ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ದೇವರ ಹಾಡಲ್ವಾ? ಒಳ್ಳೇದೇ ಆಯ್ತು ಬಿಡಿ. ಮಕ್ಳು ಹಸ್ಕೊಂಡಿರ್ತಾರೆ, ತಿಂಡಿ ಮಾಡ್ಕೊಂಡೇ ಹೋಗ್ಬೇಕು. ನೀವು ಆ ಹಾರ ತೆಗೀಬೇಡಿ ಸ್ವಾಮಿ, ಶುಭಕಾರ್ಯದಲ್ಲಿ ಹಾಕಿದ್ದು."

ಬೇಡವೆನ್ನುವಷ್ಟರಲ್ಲಿ ಇಪ್ಪತ್ತನಾಲ್ಕು ಕೆಂಪು ಟೋಪಿಗಳು ಊಟದ ಹಾಲಿನಲ್ಲಿ ಮಾಯವಾದವು. ಟ್ರಂಪೆಟ್ಟಿನವರು ಒಬ್ಬೊಬ್ಬರು ಎರಡೆರಡು ತಟ್ಟೆ ಕೇಸರಿಬಾತ್ ತಿಂದು ಬಂದು, "ಸರ್, ಇನ್ನು ಅರ್ಧ ಗಂಟೆ ಊದೋಕಾಗಲ್ಲ," ಎಂದು ಹೊಟ್ಟೆ ಸವರಿಕೊಂಡರು.

ಸತ್ಯಣ್ಣನನ್ನು ಹುಡುಕಿದಾಗ ಅವರು ಅರ್ಧ ಮೈಲಿ ಆಚೆ, ಸಜ್ಜನ್‌ರಾವ್ ಸರ್ಕಲ್ಲಿನ ಹತ್ತಿರ ಸಿಕ್ಕರು. ಆಟೋದಲ್ಲಿ ಹೆಡ್‌ಫೋನ್ ಹಾಕಿಕೊಂಡು, ಹಣೆಯ ಮೇಲೆ ಕುಂಕುಮ, ಕಣ್ಣು ಮುಚ್ಚಿ ಕೈ ಮುಗಿದುಕೊಂಡು ಕುಳಿತಿದ್ದರು.

"ಸತ್ಯಣ್ಣ! ವೈರ್ ಕಿತ್ತು ಎಷ್ಟೊತ್ತಾಯ್ತು! ಸದ್ದೇ ಇಲ್ಲ ಅಂತ ಗೊತ್ತಾಗ್ಲಿಲ್ವಾ?"

ಅವರು ಕಣ್ಣು ಬಿಟ್ಟರು.

"ಮೌನ ಪ್ರಾರ್ಥನೆ ಇಟ್ಟಿದ್ದೀರಿ ಅಂದ್ಕೊಂಡೆ ಸಾರ್. ಬಹಳ ಚೆನ್ನಾಗಿತ್ತು."

ಮೂವತ್ತೈದು ನಿಮಿಷದ ಮೌನ ಪ್ರಾರ್ಥನೆ ರೆಕಾರ್ಡಾಗಿತ್ತು! ಅತ್ಯುತ್ತಮ ಗುಣಮಟ್ಟದಲ್ಲಿ!

ರಾಜಪ್ಪ ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು. ಅವರು ಕುಳಿತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಬಿಟ್ಬಿಡಿ ಸರ್," ಎಂದರು. "ನಿಮಗೂ ತೊಂದರೆ. ಅಮ್ಮನಿಗೆ ಕಿವೀನೂ ಸರಿಯಾಗಿ ಕೇಳಲ್ಲ. ಆಲ್ಬಂ ಆದ್ರೂ ಅವರಿಗೆ ಎಷ್ಟು ಕೇಳಿಸ್ತಿತ್ತೋ ಏನೋ. ನನ್ನದೇ ಹುಚ್ಚು."

ಜೀವನದಲ್ಲಿ ಒಂದೂ ಬೇಡಿಕೆ ಇಡದ ಮನುಷ್ಯ ಒಂದೇ ಒಂದು ಕೇಳಿದ್ದ. ನಾನು ಅದನ್ನು ಮೊದಲು ಒಬ್ಬ ಹೆಂಗಸಿನ ಹಲ್ಲಿಗೆ ತುಂಬಿದೆ, ಆಮೇಲೆ ಒಬ್ಬ ಗಂಡನ್ನು ಕಾರಿನಿಂದ ಇಳಿಸಲು ಉಪಯೋಗಿಸಿದೆ. ಮೊಟ್ಟಮೊದಲ ಬಾರಿಗೆ, ಸಂಗೀತದಲ್ಲಿ ನಾನು ಕೆಲವರಿಗಿಂತ ಕಡಿಮೆಯಿರಬಹುದು ಎಂಬ ಅನುಮಾನ ಬಂತು.

ಆಗ ಕಾವ್ಯ ಡ್ರಮ್ಮು ಹೊತ್ತುಕೊಂಡೇ ರಾಜಪ್ಪನವರ ಮುಂದೆ ಬಂದಳು.

"ಸರ್, ನಿಮ್ಮನೆ ಮಾವಳ್ಳಿ ಅಲ್ವಾ? ಇಲ್ಲಿಂದ ಹತ್ತು ನಿಮಿಷ. ಅಜ್ಜಿಗೆ ಆಲ್ಬಂ ಕೇಳ್ಸದೇ ಇರ್ಬೋದು. ಇದು ಕೇಳ್ಸಲ್ವಾ?" ಎಂದು ಡ್ರಮ್ಮಿಗೆ ಒಂದು ಬಾರಿಸಿದಳು. ಎದುರಿನ ಮರದಿಂದ ಪಾರಿವಾಳಗಳೆಲ್ಲ ಹಾರಿದವು.

ಇದರಲ್ಲಿ ನನ್ನ ಯೋಜನೆ ಎಳ್ಳಷ್ಟೂ ಇರಲಿಲ್ಲ. ಹಾಗಾಗಿ ಸರಿಹೋಯಿತು.

ರಾಜಪ್ಪನವರ ಮನೆ ಒಂದು ಓಣಿಯ ಕೊನೆಯಲ್ಲಿ. ಅವರು ಒಳಗೆ ಹೋಗಿ ಅಮ್ಮನ ಮಂಚವನ್ನು ಬೀದಿಯ ಕಿಟಕಿಗೆ ಎಳೆದು, ದಿಂಬು ಒರಗಿಸಿ ಕೂರಿಸಿದರು. ಹತ್ತಿಯಂತೆ ಬೆಳ್ಳಗಿನ ಕೂದಲು, ಪುಟ್ಟ ಮುಖ. ಸತ್ಯಣ್ಣ ವೈರು ಜೋಡಿಸಿದರು. ನಾನು ಕೋಲೆತ್ತಿ ಕಿಟಕಿಯ ಎದುರಿಗೇ ನಿಂತೆ. ಇಲ್ಲಿ ಕೆಳಗೆ ಕ್ಲಿನಿಕ್ಕಿರಲಿಲ್ಲ, ಭೂಮಿತಾಯಿ ಮಾತ್ರ. ಇಪ್ಪತ್ತನಾಲ್ಕು ಎಡಗಾಲುಗಳು ಎದ್ದವು.

ಎಂಟು ಹಾಡುಗಳನ್ನೂ ಮೊದಲಿನಿಂದ ನುಡಿಸಿದರು. ಒಂದೂ ಸ್ವರ ತಪ್ಪಲಿಲ್ಲ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಏಳನೆಯ ಹಾಡಿನವರೆಗೂ ಅಜ್ಜಿ ಅಲುಗಾಡದೆ ನೋಡುತ್ತಿದ್ದರು. ಎಂಟನೆಯದು ಸಂಜೆಯ ಪ್ರಾರ್ಥನೆ. ಅದನ್ನು ಮಾತ್ರ ರಾಜಪ್ಪ ನಿಧಾನಗತಿಯ ಹೆಜ್ಜೆಗೆ ಕಲಿಸಿದ್ದರು. ಅದು ಶುರುವಾದಾಗ ಅಜ್ಜಿಯ ತುಟಿ ಅಲುಗಿತು. ಸದ್ದು ಬಂತೋ ಇಲ್ಲವೋ ಆ ಗದ್ದಲದಲ್ಲಿ ತಿಳಿಯಲಿಲ್ಲ. ಆದರೆ ಪ್ರತಿಯೊಂದು ಪದಕ್ಕೂ ತುಟಿ ಸರಿಯಾಗಿ ಕೂಡುತ್ತಿತ್ತು. ರಾಜಪ್ಪ ಬ್ಯಾಂಡಿಗೆ ಬೆನ್ನು ಮಾಡಿ ಅಮ್ಮನ ಕಡೆ ತಿರುಗಿ ಕೈಯಾಡಿಸುತ್ತಿದ್ದರು. ಬ್ಯಾಂಡಿಗೆ ಅವರ ಕೈ ಬೇಕಿರಲಿಲ್ಲ.

ಹಾಡು ಮುಗಿಯಿತು. ಕೊನೆಯ ಟ್ರಂಪೆಟ್ಟಿನ ದನಿ ಓಣಿಯಲ್ಲಿ ಇನ್ನೂ ತೇಲುತ್ತಿತ್ತು. ಅಜ್ಜಿ ಕಿಟಕಿಯ ಸರಳು ಹಿಡಿದು ಮುಂದಕ್ಕೆ ಬಾಗಿದರು. ಪೇಟ ತೊಟ್ಟು, ಹಾರ ಹಾಕಿಕೊಂಡು, ರೇಷ್ಮೆ ಜುಬ್ಬಾದಲ್ಲಿ ನಿಂತಿದ್ದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕಿವಿ ಕೇಳದವರು ಮಾತಾಡುವಂತೆ ಗಟ್ಟಿಯಾಗಿ ಹೇಳಿದರು.

"ರಾಜಾ, ಮದುವೆ ಭಾಳ ಚೆನ್ನಾಗಾಯ್ತು ಕಣೋ. ಗಂಡಿಗೆ ಮಾತ್ರ ವಯಸ್ಸು ಜಾಸ್ತಿ ಆಯ್ತು!"

ಮೊದಲು ರಾಜಪ್ಪ ನಕ್ಕರು. ಮೂವತ್ತು ವರ್ಷ ಕೂಡಿಟ್ಟಿದ್ದ ನಗುವೆಲ್ಲ ಒಂದೇ ಸಲಕ್ಕೆ ಬಂತು. ಗೋಡೆ ಹಿಡಿದುಕೊಂಡು, ಬಗ್ಗಿ, ಕಣ್ಣೊರೆಸಿಕೊಂಡು ನಕ್ಕರು. ಬ್ಯಾಂಡು ನಕ್ಕಿತು, ಓಣಿ ನಕ್ಕಿತು. ಅಜ್ಜಿಯೂ, ಯಾಕೆಂದು ಗೊತ್ತಿಲ್ಲದೆ, ನಕ್ಕರು.

ಸತ್ಯಣ್ಣ ಯಂತ್ರ ಆಫ್ ಮಾಡಿರಲಿಲ್ಲ. ಟ್ರಂಪೆಟ್ಟಿನ ದನಿಯ ಮೇಲೆಯೇ ಅಜ್ಜಿಯ ಮಾತು ಬಂದಿದ್ದರಿಂದ ಅದನ್ನು ಕತ್ತರಿಸಿದರೆ ಹಾಡೂ ಕತ್ತರಿಸಿಹೋಗುತ್ತದೆಂದು ಹೇಳಿಬಿಟ್ಟರು. ಗರಿಗಳ ಭಾನುವಾರ ಆಲ್ಬಂ ಬಿಡುಗಡೆಯಾಯಿತು. ಇಡೀ ಚರ್ಚು ಭಕ್ತಿಯಿಂದ ಸಂಜೆಯ ಪ್ರಾರ್ಥನೆ ಕೇಳಿತು, ಆಮೇಲೆ ಇಡೀ ಚರ್ಚು ತಿರುಗಿ ಮೂರನೆಯ ಸಾಲಿನಲ್ಲಿದ್ದ ನನ್ನನ್ನು ನೋಡಿತು. ಫಾದರ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಈಗ ಅದು ಎಷ್ಟು ಫೋನುಗಳಿಗೆ ಹೋಗಿದೆಯೋ ನನಗೆ ತಿಳಿಯದು. ನಮ್ಮ ಪ್ರಿನ್ಸಿಪಾಲರ ರಿಂಗ್‌ಟೋನ್ ಅದೇ ಎಂಬುದು ಮಾತ್ರ ಗೊತ್ತು.

ಬಿಡುಗಡೆಯ ದಿನ ಸಂಜೆ ಮನೆಯಲ್ಲಿ ಗಿರಿಜೆ ಎಂಟನೆಯ ಹಾಡನ್ನು ಮೂರು ಸಲ ಹಾಕಿ ಕೇಳಿದಳು. ಪ್ರತಿಸಲವೂ ಕೊನೆಯ ಮಾತು ಮುಗಿಯುವವರೆಗೂ ಕಾದಳು.

"ಆ ವಯಸ್ಸಾದವರಿಗೆ ಕಣ್ಣು ಮಂಜು ಕಣೇ," ಎಂದೆ ನಾನು.

"ಹಾಗನ್ಬೇಡಿ," ಎಂದಳು ಗಿರಿಜೆ. "ನಿಮ್ಮನ್ನ ನೋಡಿದ ದಿನ ನಮ್ಮಜ್ಜಿನೂ ಇದೇ ಮಾತು ಹೇಳಿದ್ರು. ನಾನೇ ಕೇಳ್ಲಿಲ್ಲ."